ವಾನ್‌ರೆಮಾನ ಜಿಗಿತ

ಅಂದು ಹೊತ್ತು ಹುಟ್ಟಿತ್ತು, ಬೆಳಕು ಹುಟ್ಟಿರಲಿಲ್ಲ. ಇಳಿಜಾರಿನಲ್ಲಿ ಕಡಿದು ಒಣಗಿಸಿದ್ದ ಕುಮರಿ ಕಾಡಿಗೆ ಹಿಂದಿನ ದಿನ ಊರವರು ಬೆಂಕಿ ಇಟ್ಟಿದ್ದರು. ಗಾಳಿ ಬಿದ್ದುಹೋಗಿ ಹೊಗೆಯೆಲ್ಲ ಕಣಿವೆಯಲ್ಲೇ ಕೂತು, ಎದುರಿನ ಬೆಟ್ಟವನ್ನೂ ಅದರ ನೆತ್ತಿಯ ಚರ್ಚಿನ ತಗಡಿನ ಮಾಡನ್ನೂ ನುಂಗಿತ್ತು. ಸುಟ್ಟ ಬಿದಿರೆಲೆಯ ಕರಿ ಚೂರುಗಳು ಯಾವ ಅವಸರವೂ ಇಲ್ಲದೆ ಇಳಿದು ಒಗೆದು ಹರವಿದ ಬಟ್ಟೆಯ ಮೇಲೆ, ಮಳೆನೀರಿನ ತೊಟ್ಟಿಯ ಮುಚ್ಚಳದ ಮೇಲೆ, ಸಾಸಿವೆ ಸೊಪ್ಪಿನ ಪಾತಿಯ ಮೇಲೆ ಕೂರುತ್ತಿದ್ದವು. ಮಾರ್ಚ್ ಎಂದರೆ ಹೀಗೇ. ಊರವರು ಗೌರವದಿಂದ ಪಿ ಎನ್ನುವ ಝೋವಿ ಕಿಟಕಿ ಮುಚ್ಚಿ ಬಂದು ಒಲೆಯ ಮುಂದೆ ಕೂತಳು. ಅಕ್ಕಿ ಅಳೆದು ಪಾತ್ರೆಗೆ ಹಾಕಿದಳು. ತೊಳೆಯುವ ಮುಂಚೆ ಅದರಿಂದ ಒಂದು ಹಿಡಿ ತೆಗೆದು ಗೋಡೆಬದಿಯ ಡಬ್ಬಿಗೆ ಸುರಿದಳು. ಇದು ದೇವರ ಹಿಡಿ. ಈ ಬೆಟ್ಟಗಳಲ್ಲಿ ಒಲೆ ಹೊತ್ತಿಸುವ ಪ್ರತಿ ಹೆಣ್ಣೂ ತನ್ನ ಮನೆಯ ಊಟದಿಂದ ಇಷ್ಟನ್ನು ಎತ್ತಿಡುತ್ತಾಳೆ, ವಾರಕ್ಕೊಮ್ಮೆ ಚರ್ಚಿನವರು ಬಂದು ಒಯ್ಯುತ್ತಾರೆ. ಆಮೇಲೆ ಝೋವಿ ಇನ್ನೂ ಒಂದು ಹಿಡಿ ತೆಗೆದಳು. ಇದು ಅಪ್ಪನ ಪಾಲಿನದು. ಅಪ್ಪ ಉಣ್ಣಲು ಬಂದರೆ ಅವನ ಪಾಲಿನಿಂದಲೂ ದೇವರಿಗೆ ಹೋಗಬೇಕಲ್ಲ ಎಂದು ಅವ್ವ ಶುರುಮಾಡಿದ್ದು. ಅವ್ವ ಹೋಗಿ ಎಷ್ಟೋ ಕಾಲವಾಯಿತು, ಆ ಕೈ ಝೋವಿಯ ಕೈಗೆ ಬಂದಿತ್ತು. ಇಂದು ಆ ಎರಡನೆಯ ಹಿಡಿ ಡಬ್ಬಿಯ ಬಾಯಿಗೆ ತಾಗಿ ನೆಲದ ಮೇಲೆಲ್ಲ ಚೆಲ್ಲಿತು.

"ಅಮ್ಮ, ಪುಯಾ ಮೆಟ್ಟಿಲಿಳೀತಿದಾನೆ," ಎಂದಳು ಸೊಸೆ ಫೆಲಿ ಬಾಗಿಲಿಂದ. "ಕೈಯಲ್ಲಿ ಹಾಳೆ ಇದೆ."

"ಬರ್ಲಿ. ಚಹಾಕ್ಕೆ ನೀರಿಡು."

"ಸಕ್ಕರೆ?"

"ಜಾಸ್ತಿ ಹಾಕು. ನನ್ನ ಹತ್ರ ಅವನಿಗೆ ಇವತ್ತು ಸಿಗೋ ಸಿಹಿ ಅದೊಂದೇ."

ಪುಯಾ ಚರ್ಚಿನ ಗಾಯಕರ ತಂಡದ ಕಾರ್ಯದರ್ಶಿ. ನಲವತ್ತು ದಾಟಿದವನು, ಜಿಲ್ಲಾ ಕಚೇರಿಯಲ್ಲಿ ಕೆಲಸ, ಒಳ್ಳೆಯ ಕಂಠ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕುರ್ಚಿಯಲ್ಲಿ ಕೂರದೆ ಒಲೆಯ ಬಳಿ ಮಣೆಯ ಮೇಲೆ ಕೂತ. ಅಷ್ಟು ತಗ್ಗಿ ಕೂತಿದ್ದನ್ನು ಕಂಡೇ ಝೋವಿಗೆ ಮೈ ಉರಿಯಿತು. ಕೇಳಬಾರದ್ದನ್ನು ಕೇಳಲು ಬಂದವರು ಹೀಗೆ ತಗ್ಗುತ್ತಾರೆ. ಹೋದ ತಿಂಗಳು ಫೆಲಿ ತನ್ನ ಫೋನನ್ನು ಅವಳ ಕಣ್ಣಿಗೆ ಹಿಡಿದು, "ನೋಡಮ್ಮ, ಅಜ್ಜನ ಹಾಡು" ಎಂದಾಗ ಅವಳು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ್ದಳು. ಅಪ್ಪ ಇಂಗ್ಲಿಷಿನಿಂದ ತಮ್ಮ ಮಾತಿಗೆ ತಂದ ಆ ದೊಡ್ಡ ಹಾಡು, ಊರಿನ ಪ್ರತಿ ಸಾವಿನ ಮನೆಯಲ್ಲೂ ಪ್ರತಿ ಕ್ರಿಸ್‌ಮಸ್ಸಿಗೂ ಎದ್ದು ನಿಂತು ಹಾಡುವ ಹಾಡು, ಹೊಸದಾಗಿ ಬೆರಳಚ್ಚಾಗಿ, ಅಂತರ್ಜಾಲದ ಹಳೆಯ ಹಾಡುಗಳ ಯಾವುದೋ ಭಂಡಾರದಲ್ಲಿ ಜಗತ್ತಿಗೆಲ್ಲ ಕಾಣುವಂತೆ ನಿಂತಿತ್ತು. ಮೇಲೆ ರಾಗ ಕಟ್ಟಿದವನ ಹೆಸರು. ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದವನ ಹೆಸರು. ಅದರ ಕೆಳಗೆ, ಅನುವಾದ: ಯಾರೆಂದು ತಿಳಿಯದು.

"ಒಂದ್ಸಲ ಪೂರ್ತಿ ಕೇಳಿ, ಪಿ ಝೋವಿ," ಎಂದ ಪುಯಾ. "ರಾಗ ಕಟ್ಟಿದ ಜರ್ಮನಿಯವನು ಸತ್ತು ಇನ್ನೂರು ವರ್ಷದ ಮೇಲಾಯ್ತು. ಇಂಗ್ಲಿಷಿನವನೂ ನೂರು ದಾಟಿದಾನೆ. ಅವರಿಬ್ಬರದು ಎಲ್ಲರ ಸ್ವತ್ತು, ಯಾರು ಬೇಕಾದ್ರೂ ಹಂಚಬಹುದು. ನಮ್ಮ ಭಾಷೆಯ ಮಾತು ಮಾತ್ರ ನಿಮ್ಮಪ್ಪನವರದು. ಬರೆದವರು ಸತ್ತ ಮೇಲೆ ಅರವತ್ತು ವರ್ಷ ಅದು ಮನೆಯವರ ಹಕ್ಕು ಅಂತ ಕಾನೂನು."

"ಮನೆಯವಳು ನಾನು. ಕೇಳಿದ್ಯಾ?"

"ಅದಕ್ಕೇ ಬಂದಿದೀನಿ."

"ಈಗ ಬಂದಿದೀಯ. ಹಾಕೋವಾಗ ಈ ಮೆಟ್ಟಿಲು ಕುಸಿದಿತ್ತಾ?"

ಪುಯಾ ಲೋಟವನ್ನು ಕೈಯಿಂದ ಕೈಗೆ ಬದಲಿಸಿದ. "ಹೆಸರಿಲ್ಲದ ಬರಹಕ್ಕೆ ಲೆಕ್ಕ ಬೇರೆ, ಪಿ. ಯಾರು ಬರೆದ್ರು ಅಂತ ಗೊತ್ತಿಲ್ದಿದ್ರೆ ಹಾಳೆ ಹೊರಬಿದ್ದ ವರ್ಷದಿಂದ ಅರವತ್ತು ಎಣಿಸೋದು. ನಮ್ಮ ಹಾಳೆ ಹೊರಗೆ ಬಂದದ್ದು ಅರವತ್ತೈದರಲ್ಲಿ. ಹೋದ ಡಿಸೆಂಬರಿಗೆ ಮುಗಿದಿತ್ತು."

"ಅಂದ್ರೆ ನಮ್ಮಪ್ಪನ ಹೆಸರು ಅಳಿಸಿದ್ರೆ ಹಾಡು ಬಿಡುಗಡೆ."

"ಹಂಗಲ್ಲ…"

"ಹಂಗೇ. ಕುಡಿ, ಆರೋಗ್ತದೆ."

ಅವನು ಕುಡಿದ. ಹೊರಗಿನ ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂದು ಒಲೆಯ ಹೊಗೆಯ ಜೊತೆ ಸೇರುತ್ತಿತ್ತು. ಪಕ್ಕದ ಊರಿನ ಮುದುಕರೊಬ್ಬರು ಅಪ್ಪನ ಹೆಸರು ಹೇಳಿ, ಇದು ಪು ವಾನ್‌ರೆಮಾನ ಹಾಡು ಎಂದು ಬರೆದು ತಿಳಿಸಿದ ಮೇಲೆ ಭಂಡಾರದವರು ಹಾಳೆಯನ್ನು ಕೆಳಗಿಳಿಸಿದರಂತೆ. ಮತ್ತೆ ಏರಿಸಬೇಕಾದರೆ ಅನುವಾದಕನ ಹೆಸರಿನ ಎದುರು ಸತ್ತ ಇಸವಿ ಬೇಕಂತೆ. ಒಪ್ಪಿಗೆಯ ಪತ್ರ ಅಲ್ಲಿ ನಡೆಯುವುದಿಲ್ಲವಂತೆ. ಅವರು ಇಟ್ಟುಕೊಳ್ಳುವುದು ಯಾರ ಹಂಗೂ ಇಲ್ಲದ್ದನ್ನು ಮಾತ್ರ. ದೂರದ ಊರುಗಳ ತಂಡದವರು ನಕಲಿನ ನಕಲಿನ ನಕಲು ಇಟ್ಟುಕೊಂಡು ಅಕ್ಷರ ಕಾಣದೆ ಊಹೆಯಲ್ಲಿ ಹಾಡುತ್ತಿದ್ದಾರೆ ಎಂದು ಪುಯಾ ಹೇಳಿದ. ಅದು ಸುಳ್ಳಲ್ಲ ಎಂದು ಝೋವಿಗೆ ಗೊತ್ತಿತ್ತು. ಸುಳ್ಳಲ್ಲದ ಮಾತು ಸಿಟ್ಟಿಗೆ ಇನ್ನೊಂದು ಸೌದೆ.

"ಪತ್ತೆ ಇಲ್ಲದವರನ್ನ ಏಳು ವರ್ಷ ಕಳೆದ್ಮೇಲೆ ಸತ್ತೋರು ಅಂತ ಹಿಡೀಬಹುದಂತೆ. ಆದ್ರೆ ಯಾವಾಗ ಸತ್ರು ಅಂತ ಕಾನೂನು ಹೇಳಲ್ಲ. ನೀವು ಅರವತ್ತಾರು ಅಂತ ಬರೆದುಕೊಟ್ರೆ ಈ ವರ್ಷದ ಕೊನೆಗೆ ಮುಗೀತು. ಹೊಸ ವರ್ಷದ ದಿನ ಎಲ್ಲರಿಗೂ ಸಿಗ್ತದೆ. ನಿಮ್ಮಪ್ಪನವರ ಹೆಸರಿನ ಸಮೇತ." ಅವನು ಸ್ವಲ್ಪ ಗೆಲುವಾಗಿ ಸೇರಿಸಿದ, "ಇನ್ನೊಂದು, ಆ ಜಿಗಿತ ಇತ್ತಲ್ಲ, ಅದನ್ನೂ ಸರಿಮಾಡಿದೀವಿ. ಹೊರದೇಶದ ಅಚ್ಚಿನ ಜೊತೆ ಹೋಲಿಸಿ ನೋಡಿದ್ವಿ. ಅಲ್ಲಿ ಸ್ವರ ಕೆಳಗಿಳೀತದೆ."

ಝೋವಿ ಅವನ ಕೈಯಿಂದ, ಹೆಸರು ಇಸವಿಗಳ ಜಾಗ ಖಾಲಿಯಿದ್ದ ಹಾಳೆಯನ್ನೂ, ಜೇಬಿನಿಂದ ಪೆನ್ನನ್ನೂ ಕಿತ್ತುಕೊಂಡಳು. ಅವನು ಬರೆಯುತ್ತಾಳೆಂದುಕೊಂಡ. ಅವಳು ಎರಡನ್ನೂ ಹೆಗಲ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಅನ್ನ ಇಳಿಸು, ಫೆಲಿ. ಇವನಿಗೊಂದು ತಟ್ಟೆ ಹಾಕು. ನಮ್ಮಪ್ಪನ ಮನೆಯಿಂದ ಯಾರೂ ಹಸಿದು ಹೋಗಿಲ್ಲ."

ಮೇಲಿನ ಬೀದಿಗೆ ಏರುವ ಮೆಟ್ಟಿಲು ಕಡಿದಾಗಿದ್ದವು. ಉಟ್ಟ ಪುವಾನಿನ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಅವಳು ಹತ್ತುತ್ತಿದ್ದಳು. ಜಿಗಿತ ಸರಿಮಾಡಿದರಂತೆ. ಅಪ್ಪ ಇದ್ದ ಕಾಲದಲ್ಲೂ ಈಗಲೂ ಈ ಊರುಗಳಲ್ಲಿ ಸಂಗೀತ ಎಂದರೆ ಅಕ್ಷರ. ಡೋ ರೇ ಮಿಗಳ ತಲೆಯಕ್ಷರಗಳನ್ನು ಸಾಲುಗಟ್ಟಿ ಬರೆಯುತ್ತಾರೆ, ಬುಡದಲ್ಲೊಂದು ಸಣ್ಣ ಗೀಟಿದ್ದರೆ ಅದೇ ಸ್ವರ ಕೆಳಗಿನ ಸ್ಥಾಯಿಗೆ ಇಳಿಯುತ್ತದೆ. ನೀನು ಮನೆ ಸೇರುವೆ ಎಂಬ ಸಾಲಿನ 'ಮನೆ' ಬಂದಾಗ ಹೆಂಗಸರ ತಗ್ಗು ದನಿ ನೆಲಕ್ಕೆ ಕೂರಬೇಕಿತ್ತಂತೆ. ಊರಿಗೆ ಹಂಚಿದ ಹಾಳೆಯಲ್ಲಿ ಆ ಗೀಟು ಇರಲಿಲ್ಲ. ಹಾಗಾಗಿ ಊರಿನ ಹೆಂಗಸರೆಲ್ಲ ಅಲ್ಲಿಗೆ ಬಂದಾಗ ಕುತ್ತಿಗೆ ಸೆಟೆಸಿ ಮೇಲಕ್ಕೆ ಜಿಗಿಯುತ್ತಿದ್ದರು. ಕಷ್ಟದ ಜಿಗಿತ, ಹೊಸಬರು ಬಿದ್ದೇ ಬೀಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಓದು ಬಲ್ಲ ಪಾದ್ರಿಯೊಬ್ಬರು ಎಂದೋ, ವಾನ್‌ರೆಮಾ ಬರೆಯುವಾಗ ತೂಕಡಿಸಿರಬೇಕು ಎಂದಿದ್ದರು. ಅಂದಿನಿಂದ ಅದಕ್ಕೆ ವಾನ್‌ರೆಮಾನ ಜಿಗಿತ ಎಂದೇ ಹೆಸರು. ಬೇರೆಯವರಿಗೆ ಕಲ್ಲಿನ ಮೇಲೆ ಹೆಸರಿದೆ, ಹೂವಿಡಲು ಜಾಗವಿದೆ. ಅಪ್ಪನ ಹೆಸರು ಈ ಭೂಮಿಯ ಮೇಲೆ ಉಳಿದದ್ದು ಒಂದು ತಪ್ಪಿನ ಮೇಲೆ ಮಾತ್ರ, ಅದೂ ಹಾಡುವಾಗ ಮಾತ್ರ. ಈಗ ಹೆಸರನ್ನೂ ತೆಗೆದರು, ತಪ್ಪನ್ನೂ ತೆಗೆದರು. ಸರಿಮಾಡಿದರಂತೆ.

ತಿರುವಿನಲ್ಲಿ ಬಿದಿರಿನ ಅಂಗಡಿ, ಕಾಯುವವರಿಲ್ಲದ್ದು. ಹಲಗೆಯ ಮೇಲೆ ಯಾರೋ ಸೊಪ್ಪಿನ ಕಟ್ಟು, ಹಸಿ ಶುಂಠಿ, ಮೂಲಂಗಿ ಇಟ್ಟು ಗದ್ದೆ ಕೆಲಸಕ್ಕೆ ಹೋಗಿದ್ದರು. ಬೇಕಾದವರು ಎತ್ತಿಕೊಂಡು ಬೆಲೆಯನ್ನು ಡಬ್ಬಿಗೆ ಹಾಕಿ ಹೋಗುತ್ತಾರೆ. ಹೊರಗಿನಿಂದ ಬಂದವರು ಇದರ ಫೋಟೋ ತೆಗೆಯುತ್ತಾರೆ. ಈ ದಾರಿಯಲ್ಲೇ ಬೆಳೆದ ಪುಯಾ ಒಂದು ಮೂಲಂಗಿಯನ್ನೂ ಸುಮ್ಮನೆ ಎತ್ತಿದವನಲ್ಲ. ಮೂಲಂಗಿಗೆ ಇರುವ ಒಡೆಯ ಮಾತಿಗೆ ಇಲ್ಲವೇ? ಅವಳು ನಿಂತು ಉಸಿರು ತೆಗೆದುಕೊಂಡಳು. ಬೂದಿ ಬಿದ್ದ ಸೊಪ್ಪಿನ ಕಟ್ಟನ್ನು ಎತ್ತಿ ಕೊಡವಿ ಮತ್ತೆ ಅಲ್ಲೇ ಇಟ್ಟಳು. ಅವಳು ಚಿಕ್ಕವಳಿದ್ದಾಗ ಶಾಲೆಯ ಮೇಷ್ಟರು ಅರ್ಜಿ ತುಂಬಿಸುತ್ತ ತಲೆಯೆತ್ತದೆ ಕೇಳಿದ್ದರು, "ಅಪ್ಪನ ಹೆಸರಿನ ಹಿಂದೆ ದಿವಂಗತ ಹಾಕ್ಬೇಕೋ ಬೇಡ್ವೋ, ಹೇಳೇ." ಇಡೀ ತರಗತಿ ಅವಳ ಬಾಯಿ ನೋಡುತ್ತಿತ್ತು. ಗೊತ್ತಿಲ್ಲ ಸಾರ್ ಎಂದಿದ್ದಳು. ಅಪ್ಪ ಇದ್ದಾನೋ ಇಲ್ಲವೋ ಗೊತ್ತಿಲ್ಲದ ಹುಡುಗಿ ಎಂದು ಹಿಂದಿನ ಬೆಂಚು ನಕ್ಕಿತ್ತು. ಮದುವೆಯಲ್ಲಿ ಹೆಣ್ಣಿನ ತೆರ ಕೊಡುವಾಗ ಗಂಡಿನ ಕಡೆಯ ಮಧ್ಯಸ್ಥ, ಇದನ್ನು ಯಾರ ಕೈಗೆ ಒಪ್ಪಿಸಲಿ ಎಂದು ಕೇಳಿದ. ತಂದೆ ಇದ್ದರೆ ತಂದೆಗೆ, ತೀರಿದ್ದರೆ ದೊಡ್ಡಪ್ಪನಿಗೆ. ಗಂಡಸರೆಲ್ಲ ಅಡಿಕೆ ಅಗಿಯುತ್ತ ಅರ್ಧ ಹೊತ್ತು ಅದನ್ನೇ ಚರ್ಚಿಸಿದರು. ಮದುವಣಗಿತ್ತಿ ಪರದೆಯ ಹಿಂದೆ ಕೂತು ತನ್ನ ಅಪ್ಪನನ್ನು ಸಾಯಿಸಿ ಬದುಕಿಸಿ ಸಾಯಿಸುವುದನ್ನು ಕೇಳಿದಳು. ಕೊನೆಗೆ ದೊಡ್ಡಪ್ಪ, ನಾನು ಅವನ ಪರವಾಗಿ ಹಿಡಿದಿರುತ್ತೇನೆ ಎಂದ. ಆ ದಿನ ಅವಳ ಮನಸ್ಸು, ದೇವರೇ, ಸತ್ತಿದ್ದರೆ ಚೆನ್ನಾಗಿತ್ತು ಎಂದಿತ್ತು. ಒಂದೇ ಸಲ. ದೇವರು ಕೇಳಿಸಿಕೊಂಡಿರುತ್ತಾನೆ. ಅವನಿಗೆ ಯಾವುದು ಕೇಳಿಸುವುದಿಲ್ಲ?

ಅಪ್ಪ ಹೋದದ್ದೂ ಮಾರ್ಚಿನಲ್ಲೇ. ಬೆಟ್ಟಗಳಲ್ಲಿ ಬಂದೂಕು ಎದ್ದ ವರ್ಷ, ಆ ವರ್ಷ ಹೊಗೆ ಕುಮರಿಯದು ಮಾತ್ರ ಆಗಿರಲಿಲ್ಲ. ನದಿಯಾಚೆಯ ಊರಿನ ತಂಡಕ್ಕೆ ಈ ಹಾಡು ಕಲಿಸಿ ಬರುತ್ತೇನೆಂದು ಅಪ್ಪ ಬೆಳಿಗ್ಗೆ ಹೊರಟ. ಈಗ ಯಾರು ಹಾಡುತ್ತಾರೆ ಎಂದು ಅವ್ವ ಕೇಳಿದ್ದಕ್ಕೆ, ಈಗಲೇ ಹಾಡಬೇಕು ಎಂದನಂತೆ. ಅವನನ್ನು ತಡೆದವರು ಕಾಡಿನವರೋ ಸಮವಸ್ತ್ರದವರೋ, ನದಿಯೋ, ಯಾರಿಗೂ ಗೊತ್ತಾಗಲಿಲ್ಲ. ನಾವಲ್ಲ ಎಂದು ಎಲ್ಲರೂ ಹೇಳಿದರು. ಕೆಲವು ವಾರ ಕಳೆದ ಮೇಲೆ ಅಪ್ಪನಿಂದ ಏನೇನೋ ಎರವಲು ಒಯ್ದಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಒಬ್ಬ ಗುದ್ದಲಿ ತಂದ, ಒಬ್ಬಳು ಲಾಟೀನು ತಂದಳು. ತೆಗೆದುಕೊಂಡರೆ ಸಾವನ್ನು ಒಪ್ಪಿದಂತೆ. ಅವ್ವ ಹೊಸ್ತಿಲಿನಲ್ಲಿ ಅಡ್ಡ ನಿಂತು, "ಕೊಟ್ಟೋರು ಅವರು, ಅವರ ಕೈಗೇ ವಾಪಸ್ ಕೊಡಿ. ಬಂದ್ಮೇಲೆ," ಎಂದು ಎಲ್ಲರನ್ನೂ ತಿರುಗಿ ಕಳಿಸಿದಳು. ಅವರು ಅಳುತ್ತ ಗುದ್ದಲಿ ಹೊತ್ತುಕೊಂಡು ಹಿಂದೆ ಹೋದರು. ಹಾಗಾಗಿ ಈ ಮನೆಯಲ್ಲಿ ಯಾರೂ ಕೂತು ಶೋಕದ ಹಾಡು ಹಾಡಲಿಲ್ಲ, ಡೋಲು ಬಡಿಯಲಿಲ್ಲ, ಯುವಕರು ಗುಂಡಿ ತೋಡಲಿಲ್ಲ. ಊರಿನ ಎಲ್ಲ ಸತ್ತವರಿಗೂ ಅಪ್ಪನ ಹಾಡಿತ್ತು. ಅಪ್ಪನಿಗಿರಲಿಲ್ಲ. ಅವ್ವ ತೀರಿದ ಮೇಲೆ ಆ ಮುದುಕರು, ಅವರ ಮಕ್ಕಳು, ಸಂಜೆಯ ಹೊತ್ತು ಸದ್ದಿಲ್ಲದೆ ಬಂದು ತುಕ್ಕು ಹಿಡಿದ ಗುದ್ದಲಿಯನ್ನು, ಗಾಜಿಲ್ಲದ ಲಾಟೀನನ್ನು ಝೋವಿಯ ಕೈಗಿಟ್ಟು ಹೋದರು. ಅವಳು ತೆಗೆದುಕೊಂಡಳು. ಪ್ರತಿ ಸಲವೂ ಅವಳೊಳಗೆ ಒಂದು ಹಿಡಿ ಮಣ್ಣು ಬಿದ್ದಂತೆ ಆಗುತ್ತಿತ್ತು, ಆದರೆ ಗುಂಡಿ ಪೂರ್ತಿ ಮುಚ್ಚಲೇ ಇಲ್ಲ.

ಉಪಾ ಕುಂಗಾ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಉಪಾ ಎಂದರೆ ಚರ್ಚಿನ ಹಿರಿಯ; ಬಹುಕಾಲ ತಂಡಕ್ಕೆ ಕೈಬೀಸಿ ಹಾಡಿಸಿದವನು. ಅಪ್ಪನ ಮೆಚ್ಚಿನ ಶಿಷ್ಯ. ಆಗ ಮೀಸೆ ಮೂಡದ ಹುಡುಗ, ಈಗ ಹಲ್ಲಿಲ್ಲದ ಮುದುಕ. ಅವಳು ಅಂಗಳದಲ್ಲೇ ನಿಂತಳು.

"ಬಾ ಝೋವಿ, ಕೂರು. ಹೊಗೆ ಕುಡಿದು ಬಂದಿದೀಯ, ನೀರು ಕುಡಿ."

"ಕೂರೋಕೆ ಬಂದಿಲ್ಲ ಉಪಾ. ಒಂದು ಕೇಳ್ಬೇಕು. ಯಾರೆಂದು ತಿಳಿಯದು ಅಂತ ಬರೆಸಿದ್ದು ಯಾರು?"

ಅಡಿಕೆಕತ್ತರಿ ನಿಂತಿತು. "ಪುಯಾ ಹೇಳಿದ್ನಾ?"

"ಅವನು ಹೇಳಿಲ್ಲ. ಅವನು ಮಣೆ ಮೇಲೆ ಕೂತಿದ್ದು ಹೇಳ್ತು. ಪುಯಾನಂಥವನು ಹಿರಿಯರ ಮಾತಿಲ್ದೆ ಒಂದು ಹೆಸರು ಅಳಿಸಲ್ಲ."

"ನಾನೇ," ಎಂದ ಕುಂಗಾ.

ಅವಳು ಜಗಲಿಯ ಕಂಬ ಹಿಡಿದಳು. "ನೀವು. ಅವರ ತಟ್ಟೆಯಲ್ಲಿ ಉಂಡೋರು."

"ಪುಯಾ ಬಂದು ಯಾವ ಇಸವಿ ಹಾಕ್ಲಿ ಅಂದ. ನನ್ನ ಬಾಯಿಗೆ ಬರ್ಲಿಲ್ಲ, ಝೋವಿ. ಹೆಸರಿದ್ರೆ ತಾನೇ ಇಸವಿ ಕೇಳೋದು, ಹೆಸರು ಬಿಡು, ನಮಗೆಲ್ಲ ಗೊತ್ತಲ್ಲ ಅಂದೆ. ನನ್ನ ಕೈಯಿಂದ ಅವರನ್ನ ಸಾಯಿಸೋದು ಬೇಡ ಅಂತಿತ್ತು."

"ಅದಕ್ಕೆ ಹುಟ್ಟೇ ಇಲ್ಲ ಅನ್ನಿಸಿಬಿಟ್ರಿ."

ಅವನು ತಲೆ ತಗ್ಗಿಸಿದ.

"ತಲೆ ಎತ್ತಿ ಉಪಾ. ಭಾನುವಾರ ಪೀಠದ ಮೇಲೆ ಎತ್ತೋ ಹಾಗೆ ಎತ್ತಿ. ಅವ್ವ ಬಾಗಿಲಲ್ಲಿ ಅಡ್ಡ ನಿಂತಳು ಸರಿ. ಅವಳು ಹೆಂಡ್ತಿ, ಅವಳಿಗಾಗಲಿಲ್ಲ. ನೀವು ಹಿರಿಯರು ಅನ್ನಿಸ್ಕೊಂಡೋರು ಒಬ್ಬರಾದ್ರೂ ಒಳಗೆ ಬಂದು, ಅಮ್ಮಾ, ಅವರಿನ್ನು ಬರಲ್ಲ ಅಂದ್ರಾ? ಶಾಲೆಯಲ್ಲಿ ನನ್ನ ಕೇಳಿದ್ರು. ಮದುವೆಯಲ್ಲಿ ಕೇಳಿದ್ರು. ಈಗ ಹಾಡು ಹಂಚೋಕೆ ಕೇಳ್ತಿದೀರಿ. ಸತ್ರಾ, ಯಾವಾಗ ಸತ್ರು, ಹೇಳು, ಹೇಳು ಅಂತ. ನಾನು ಎಂಟು ವರ್ಷದವಳಿದ್ದಾಗಿಂದ ನನ್ನ ಬಾಯಿಂದಲೇ ಅವರು ಸಾಯ್ಬೇಕು ಅಂತ ಈ ಊರು ಕಾಯ್ಕೊಂಡು ಕೂತಿದೆ."

ದನಿ ಏರಿರಲಿಲ್ಲ. ಹೆಂಗಸರ ತಗ್ಗು ದನಿಯಲ್ಲಿ ಬದುಕಿಡೀ ಹಾಡಿದವಳು, ಸಿಟ್ಟೂ ಅದೇ ಸ್ಥಾಯಿಯಲ್ಲಿ ಹರಿಯಿತು. ಚೀಲದಿಂದ ಹಾಳೆಯನ್ನು ತೆಗೆದು ಅಡಿಕೆಯ ತಟ್ಟೆಯ ಪಕ್ಕದಲ್ಲಿ ಹರವಿದಳು. ಬಗ್ಗಿ ನಿಂತೇ ಹೆಸರಿನ ಜಾಗದಲ್ಲಿ ವಾನ್‌ರೆಮಾ ಎಂದು ದೊಡ್ಡದಾಗಿ ಬರೆದಳು, ಪಕ್ಕದ ಜಾಗಕ್ಕೂ ಚಾಚಿಕೊಳ್ಳುವಷ್ಟು ದೊಡ್ಡದಾಗಿ. ಆಮೇಲೆ ಪೆನ್ನನ್ನು ಅವನ ಕಡೆ ನೂಕಿದಳು.

"ಹೆಸರು ನಾನು ಬರೆದಿದೀನಿ. ಇಸವಿ ನೀವು ಹೇಳಿ. ಬರೀಬೇಡಿ, ಬಾಯಲ್ಲಿ ಹೇಳಿ. ಹೇಳಿದ್ರೆ ಹಾಡು ಊರೂರಿಗೆ ಹೋಗ್ಲಿ. ಇಲ್ದಿದ್ರೆ ಈ ಹಾಳೆ ಇವತ್ತು ಒಲೆಗೆ ಹೋಗ್ತದೆ. ಆಮೇಲೆ ನನ್ನ ಬಾಗಿಲಿಗೆ ಯಾರೂ ಬರಬಾರದು."

ಕುಂಗಾ ಪೆನ್ನು ಮುಟ್ಟಲಿಲ್ಲ. ಕೈಯೂರಿ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದ. ಹೋಗುವುದೇ ಉತ್ತರ ಎಂದುಕೊಂಡಳು ಝೋವಿ. ತಪ್ಪಿಸಿಕೊಂಡ, ಇಷ್ಟು ವರ್ಷ ತಪ್ಪಿಸಿಕೊಂಡ ಹಾಗೆ. ಹಾಳೆಯನ್ನು ಮಡಚತೊಡಗಿದಳು. ಒಳಗೆ ಪೆಟ್ಟಿಗೆಯೊಂದು ಕಿರುಗುಟ್ಟಿತು, ಏನೋ ಸರಿದಾಡಿತು, ಮುದುಕ ಕೆಮ್ಮಿದ.

ಹೊರಗೆ ಬಂದಾಗ ಅವನ ಎರಡೂ ಅಂಗೈಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟಿತ್ತು. ಚರ್ಚಿನಲ್ಲಿ ರೊಟ್ಟಿಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ನಡೆಯುವವನು ಹಾಗೆಯೇ ನಡೆದು ಬಂದು ಅವಳೆದುರು ನಿಂತ.

"ನಿಮ್ಮಪ್ಪನವರ ಕೈಬರಹ," ಎಂದ. "ಊರಿಗೆ ಹಂಚೋ ಹಾಳೆಗೆ ಸ್ಟೆನ್ಸಿಲ್ ಕೊರೆಯೋಕೆ ನನಗೆ ಕೊಟ್ಟಿದ್ರು. ನನ್ನ ಕೈ ಚೆನ್ನಾಗಿತ್ತು ಆಗ. ಇನ್ನೊಂದ್ಸಲ ಹೋಲಿಸಿ ನೋಡು, ನಾನು ಬಂದ್ಮೇಲೆ ವಾಪಸ್ ಕೊಡು ಅಂದು ಹೊರಟ್ರು."

ಝೋವಿ ಮಡಚುತ್ತಿದ್ದ ಹಾಳೆಯನ್ನು ಕೆಳಗಿಟ್ಟಳು.

"ನಿಮ್ಮವ್ವ ಇದ್ದಾಗ ತರೋಕಾಗ್ಲಿಲ್ಲ. ಅವರು ಹೋದ ಮೇಲೆ ಎಲ್ಲರೂ ಅವರವರದು ತಂದುಕೊಟ್ರು, ನೋಡಿದೆ. ಪೆಟ್ಟಿಗೆ ತೆಗೀತಿದ್ದೆ, ಮುಚ್ತಿದ್ದೆ. ಒಬ್ಬನಾದ್ರೂ ಇಟ್ಕೊಂಡಿರ್ಲಿ, ಬಂದ್ರೆ ಕೇಳ್ತಾರೆ ಅಂತ." ಅವನು ಕಟ್ಟನ್ನು ಮುಂದಕ್ಕೆ ಚಾಚಿದ. "ಅವರು ಕೇಳಲ್ಲ, ಝೋವಿ. ಆ ಮಾರ್ಚಿನಲ್ಲೇ ಮುಗೀತು. ಅರವತ್ತಾರು. ತಗೋ."

ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ. ಬಟ್ಟೆಯ ಒಂದು ತುದಿ ಸರಿಸಿದಳು. ಕಂದಿದ ಶಾಯಿ, ಎಡಕ್ಕೆ ಸ್ವಲ್ಪ ವಾಲುವ ಅಕ್ಷರಗಳು. ಅವಳ ಸ್ಲೇಟಿನ ಮೇಲೆ ಅಪ್ಪ ಕೈ ಹಿಡಿದು ತಿದ್ದಿಸಿದ ಅದೇ ಅಕ್ಷರಗಳು. ಕಣ್ಣು ತಾನಾಗಿ ತನ್ನ ದನಿಯ ಸಾಲನ್ನು ಹುಡುಕಿ, ಸಾಲಿನ ಗುಂಟ ನಡೆದು, 'ಮನೆ'ಯ ಹತ್ತಿರ ಬಂತು. ಅಕ್ಷರದ ಬುಡದಲ್ಲಿ ಒಂದು ಗೀಟಿತ್ತು. ಸಣ್ಣದು, ಸ್ಪಷ್ಟವಾದದ್ದು, ತೂಕಡಿಸದ ಕೈ ಎಳೆದದ್ದು. ಅದು ಬಿಟ್ಟುಹೋದದ್ದು ಸ್ಟೆನ್ಸಿಲ್ ಕೊರೆಯುವಾಗ.

ಅವಳು ತಲೆಯೆತ್ತಿ ಕುಂಗಾನನ್ನು ನೋಡಿದಳು. ಹೇಳಬೇಕಾದ್ದು ಬಾಯಿ ತುಂಬ ಇತ್ತು. ಇಷ್ಟು ವರ್ಷ ಪ್ರತಿ ಕ್ರಿಸ್‌ಮಸ್ಸಿಗೆ ಆ ಜಾಗದಲ್ಲಿ ಕೈಯನ್ನು ಮೇಲಕ್ಕೆ ಬೀಸಿ ತಮ್ಮನ್ನೆಲ್ಲ ಜಿಗಿಸಿದ ಮುದುಕ ಅವಳ ಕಣ್ಣನ್ನು ತಪ್ಪಿಸಲಿಲ್ಲ. ಅವನ ಹುಬ್ಬಿನ ಮೇಲೆ ಒಂದು ಕರಿ ಚೂರು ಬಂದು ಕೂತಿತು. ಅದನ್ನು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಝೋವಿ ಪೆನ್ನನ್ನು ಎತ್ತಿಕೊಂಡು ಹಾಳೆ ಬಿಡಿಸಿ ಇಸವಿ ಬರೆದಳು. ಪೆನ್ನು ಕೆಳಗಿಟ್ಟಳು. ಪುವಾನಿಗೆ ಎರಡೂ ಅಂಗೈ ಒರೆಸಿಕೊಂಡು ಮುಂದೆ ಚಾಚಿದಳು. ಕುಂಗಾ ಕಟ್ಟನ್ನು ಅವುಗಳ ಮೇಲಿಟ್ಟ. ಇಟ್ಟ ಮೇಲೂ ಅವನ ಕೈಗಳು ಅಲ್ಲೇ, ಹಾಗೇ, ಖಾಲಿಯಾಗಿ ಚಾಚಿಕೊಂಡಿದ್ದವು.